ಸಹಾಯ ಬೇಕು: ಮಂತ್ರಿ ಇದ್ದರೂ ಚೆಸ್ ಆಟ ಡ್ರಾ ಆಗುತ್ತಿದೆ

ಎಲ್ಲರಿಗೂ ನಮಸ್ಕಾರ. ಮಗಳ ಜೊತೆ ಚೆಸ್ ಕಲಿಯೋಕೆ ಶುರು ಮಾಡಿ ಎರಡು ತಿಂಗಳಾಯಿತು. ಕಾಯಿಗಳ ನಡೆ ಎಲ್ಲಾ ಗೊತ್ತು. ಆದರೆ ಕೊನೆಯಲ್ಲಿ ನನ್ನ ಹತ್ತಿರ ರಾಜ, ಮಂತ್ರಿ ಇದ್ದು ಎದುರಿಗೆ ಬರೀ ರಾಜ ಉಳಿದಾಗ ಗೆಲ್ಲೋಕೇ ಆಗುತ್ತಿಲ್ಲ. ಸುಮ್ನೆ ಚೆಕ್ ಕೊಡುತ್ತಾ ಹೋದರೆ ಅವನು ಬೋರ್ಡ್ ತುಂಬಾ ಓಡಾಡುತ್ತಾನೆ. ಮಂತ್ರಿಯನ್ನು ಎದುರಿನ ರಾಜನಿಂದ ಕುದುರೆ ನಡೆಯಷ್ಟು ದೂರದಲ್ಲಿ ಇಟ್ಟು ಅವನನ್ನು ಅಂಚಿಗೆ ತಳ್ಳುತ್ತಾ ಹೋಗಿ ಅಂತ ಒಬ್ಬರು ಹೇಳಿದರು, ಅಂಚಿನವರೆಗೆ ಅದು ಚೆನ್ನಾಗಿ ಕೆಲಸ ಮಾಡಿತು, ಆದರೆ ನಿನ್ನೆ ಅವಳ ರಾಜ ಎಚ್8 ಮೂಲೆಗೆ ಹೋದ, ನಾನು ಅದೇ ಲೆಕ್ಕದಲ್ಲಿ ಮಂತ್ರಿಯನ್ನು ಎಫ್7ಕ್ಕೆ ತಂದೆ. ಚೆಕ್ ಇಲ್ಲ, ಅವನಿಗೆ ಹೋಗೋಕೆ ಮನೆಯೂ ಇಲ್ಲ. ಸ್ಟೇಲ್‌ಮೇಟ್, ಅಂದರೆ ಆಟ ಡ್ರಾ! ತುಂಬಾ ಬೇಜಾರಾಯಿತು.

ರಾಜ ಅಂಚಿಗೆ ಬಂದ ಮೇಲೆ ಮಂತ್ರಿಯನ್ನು ಯಾವ ಮನೆಯಲ್ಲಿ ನಿಲ್ಲಿಸಿ ನನ್ನ ರಾಜನನ್ನು ಹತ್ತಿರ ತರಬೇಕು?