ಸಹಾಯ ಬೇಕು: ಕಾಣಿಕೆ ಕೊಡೋ ಚರ್ಚ್ ಸಭೆಯನ್ನ ಬಡವರ ಜೊತೆಗೆ ನಿಲ್ಲಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಸಭೆ ಪಕ್ಕದ ಬಡ ಕುಟುಂಬಗಳಿಗೆ ವರ್ಷವರ್ಷವೂ ಬಟ್ಟೆಬರೆ ಕೊಡುತ್ತೆ. ಈಗ ಅವರ ಮನೆಗಳನ್ನೇ ಖಾಲಿ ಮಾಡಿಸ್ತಿದ್ದಾರೆ. 'ವಿಚಾರಣೆ ದಿನ ನಮ್ಮ ಜೊತೆ ಬಂದು ಕೂತ್ಕೊಳ್ಳಿ', ಅವರು ಕೇಳಿದ್ದು ಇಷ್ಟೇ. ನಮ್ಮ ಸಭೆಯ ಹಿರಿಯರು 'ಅದು ರಾಜಕೀಯ' ಅಂದುಬಿಟ್ಟರು.

ನ್ಯಾಯ ಹೊಳೆಯಂತೆ ಹರಿಯಲಿ ಅನ್ನೋ ಆಮೋಸ 5:24 ಇಟ್ಕೊಂಡು ಬೈಬಲ್ ಅಧ್ಯಯನ ಮಾಡಿದೆವು. ಆರಾಧನೆ ಆದಮೇಲೆ ಆ ಮನೆಗಳ ಇಬ್ಬರು ಹೆಂಗಸರೇ ಬಂದು ಮಾತಾಡಿದರು. ಜನ ಅತ್ತರು, ಕಾಣಿಕೆ ಹಾಕಿದರು. ಆದರೆ ವಿಚಾರಣೆಗೆ ಬರ್ತೀವಿ ಅಂದವರು ಮೂವರೇ. ತುಂಬ ನೋವಾಯ್ತು.

ಸಭಾಪಾಲಕರು (ಪಾಸ್ಟರ್) ಬರೋಕೆ ಸಿದ್ಧ. ನನಗೆ ಗೊಂದಲ ಇರೋದು ಇಲ್ಲೇ: ಅವರು ನಿಲುವಂಗಿ ಹಾಕ್ಕೊಂಡು ಮುಂದೆ ನಿಂತರೆ ಆ ಜನರ ಹೋರಾಟ ಚರ್ಚಿನದ್ದಾಗಿಬಿಡುತ್ತಾ? ಹಿಂದೆ ಉಳಿದರೆ ಕೈಬಿಟ್ಟ ಹಾಗಾಗುತ್ತಾ?

ಇಂಥ ಕೆಲಸದಲ್ಲಿ ಜೊತೆ ನಿಂತವರು ದಯವಿಟ್ಟು ಹೇಳಿ: ನಿಮ್ಮ ಪಾಲಕರು ಎಲ್ಲಿ ನಿಂತರು? ಹಿಂಜರಿಯೋ ಸಭೆಯನ್ನ ಮೊದಲ ದಿನ ಹೊರಡಿಸಿದ್ದು ಹೇಗೆ?