ಅಪ್‌ಡೇಟ್: ಹೊರರೋಗಿ ವಿಭಾಗದ ದೂರುಗಳಿಗೆ ಕೊನೆಗೂ ಫಲ ಕೊಟ್ಟ ಕ್ರಮ

ನಾನು ಆಡಳಿತ ನೋಡಿಕೊಳ್ಳುವ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ, ಬಹಳ ಹೊತ್ತು ಕಾಯಬೇಕಾಗುತ್ತದೆಂದು ಬರುತ್ತಿದ್ದ ದೂರುಗಳಿಗೆ ಹೇಗೆ ಸ್ಪಂದಿಸಬೇಕೆಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ದೂರು ಪೆಟ್ಟಿಗೆಯಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ, ಏಕೆಂದರೆ ಹೆಸರಿಲ್ಲದ ಚೀಟಿ ಬರೆದವರನ್ನು ಮರಳಿ ವಿಚಾರಿಸುವ ದಾರಿಯೇ ಇರಲಿಲ್ಲ. ಎಲ್ಲರಿಗೂ ಒಂದೇ ಒಕ್ಕಣೆಯ ಕ್ಷಮಾಪಣೆ ಪತ್ರವಂತೂ ಕೆಲವರ ಅಸಮಾಧಾನವನ್ನು ಇನ್ನಷ್ಟು ಹೆಚ್ಚಿಸಿತು. ಕೆಲಸಕ್ಕೆ ಬಂದದ್ದು, ದೂರಿದವರಿಗೆ ವ್ಯವಸ್ಥಾಪಕರೇ ಕರೆ ಮಾಡಿ, ನಡುವೆ ಸಮಜಾಯಿಷಿ ನೀಡದೆ ಪೂರ್ತಿ ಕೇಳಿಸಿಕೊಂಡು, ಏನು ಬದಲಾಯಿತೆಂಬುದನ್ನು ಆಮೇಲೆ ತಿಳಿಸಬೇಕೆಂಬ ಸಲಹೆ.

ಹಾಗೆ ಮಾತನಾಡಿದಾಗ ನನಗೆ ಅಚ್ಚರಿಯಾದ ಸಂಗತಿಯೆಂದರೆ, ಕಾದದ್ದಕ್ಕಿಂತಲೂ, ಏಕೆ ತಡವಾಗುತ್ತಿದೆ, ಇನ್ನೆಷ್ಟು ಹೊತ್ತಾಗಬಹುದು ಎಂದು ಯಾರೂ ಹೇಳದಿದ್ದದ್ದೇ ಬಹುತೇಕರಿಗೆ ಹೆಚ್ಚು ನೋವು ತಂದಿತ್ತು. ವೈದ್ಯರು ತುರ್ತು ಚಿಕಿತ್ಸೆಗೆ ಹೋಗಿದ್ದಾರೆಂದು ಗೊತ್ತಿದ್ದರೆ ತಾವು ದನಿಯೆತ್ತುತ್ತಲೇ ಇರಲಿಲ್ಲವೆಂದು ಹಿರಿಯರೊಬ್ಬರು ಹೇಳಿದ ಮಾತು ನಮ್ಮ ಸಿಬ್ಬಂದಿಯನ್ನೂ ತಟ್ಟಿತು. ಈಗ ತಡವಾದಾಗಲೆಲ್ಲ ದಾದಿಯೊಬ್ಬರು ಕಾರಣವನ್ನೂ ಅಂದಾಜು ಸಮಯವನ್ನೂ ತಿಳಿಸುತ್ತಾರೆ. ಸರದಿ ಚಿಕ್ಕದಾಗಿಲ್ಲವಾದರೂ ಕಾಯುವ ಬಗೆಗಿನ ದೂರುಗಳು ಗಮನಾರ್ಹವಾಗಿ ಇಳಿದಿವೆ.

ಬಿಲ್ಲಿನ ಕುರಿತ ದೂರುಗಳು ಮಾತ್ರ ಹಾಗೆಯೇ ಉಳಿದಿವೆ. ಅಲ್ಲಿ ಅಂದಾಜು ವೆಚ್ಚವನ್ನು ಮುಂಚಿತವಾಗಿ ಬರೆದುಕೊಡುವ ಕ್ರಮವನ್ನು ಆರಂಭಿಸುತ್ತಿದ್ದೇವೆ.