ಪಿಪಿಎಸ್ ಅಲುಗಾಡುತ್ತಿಲ್ಲ, ಆದರೂ ಗಡಿಯಾರ 100 ಮಿಲಿಸೆಕೆಂಡ್ ಹಿಂದೆ: ತಪ್ಪು ಎಲ್ಲಿದೆ?

ಗುಮ್ಮಟದೂರು, ವಿಜಯಪುರ

ಎಲ್ಲರಿಗೂ ನಮಸ್ಕಾರ. ಎರಡು ವಾರಗಳಿಂದ ಒಂದೇ ತೊಡಕಿನಲ್ಲಿ ಸಿಕ್ಕಿಕೊಂಡಿದ್ದೇನೆ. ದಯವಿಟ್ಟು ದಾರಿ ತೋರಿಸಿ.

ಚಂದ್ರನು ನಕ್ಷತ್ರವನ್ನು ಮರೆಮಾಡುವ ಕ್ಷಣವನ್ನು ನಾನು ಮನೆಯ ಮಾಳಿಗೆಯಿಂದ ವಿಡಿಯೊದಲ್ಲಿ ಹಿಡಿಯುತ್ತೇನೆ. ಶುಕ್ಲಪಕ್ಷದಲ್ಲಿ ಚಂದ್ರನ ಕತ್ತಲ ಅಂಚು ಮುಂದೆ ಸಾಗುವುದರಿಂದ ನಕ್ಷತ್ರ ದೀಪ ಆರಿದಂತೆ ಥಟ್ಟನೆ ಮಾಯವಾಗುತ್ತದೆ. ಆ ಕ್ಷಣದ ಸಮಯ ಖಚಿತವಾಗಿದ್ದರೆ ಮಾತ್ರ ವಿಡಿಯೊಗೆ ಬೆಲೆ. ನನ್ನ ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮ್ ತೆಗೆಯುತ್ತದೆ, ಅಂದರೆ ಒಂದು ಫ್ರೇಮ್ 40 ಮಿಲಿಸೆಕೆಂಡ್. ಗಡಿಯಾರ ಅದಕ್ಕಿಂತ ಎಷ್ಟೋ ಪಾಲು ಚೆನ್ನಾಗಿರಬೇಕು.

ಇದಕ್ಕಾಗಿ ರಾಸ್ಪ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರ್ ಮತ್ತು ಯು-ಬ್ಲಾಕ್ಸ್ ನಿಯೋ-ಎಂ8ಎನ್ ಜಿಪಿಎಸ್ ಮಾಡ್ಯೂಲ್ ಬಳಸಿದ್ದೇನೆ. ಮಾಡ್ಯೂಲ್ ಮಾಳಿಗೆಯ ಮೇಲಿದೆ; ಅಲ್ಲಿಂದ ಕೋಣೆಗೆ 12 ಮೀಟರ್ ನೆಟ್‌ವರ್ಕ್ ಕೇಬಲ್ ಎಳೆದಿದ್ದೇನೆ. ಸೆಕೆಂಡಿಗೊಮ್ಮೆ ಮಿಡಿಯುವ ಪಿಪಿಎಸ್ ತಂತಿ ಪೈನ ಜಿಪಿಐಒ 18 ಎಂಬ ಪಿನ್ನಿಗೆ ಹೋಗುತ್ತದೆ. ಸಾಫ್ಟ್‌ವೇರ್ ಎರಡು: ಜಿಪಿಎಸ್ ಮಾಹಿತಿಯನ್ನು ಓದುವ ಜಿಪಿಎಸ್‌ಡಿ, ಗಡಿಯಾರವನ್ನು ಸರಿಹೊಂದಿಸುವ ಕ್ರೋನಿ. ಉಪಗ್ರಹಗಳು ಚೆನ್ನಾಗಿ ಸಿಗುತ್ತಿವೆ.

ಕ್ರೋನಿಯ ಪಟ್ಟಿಯಲ್ಲಿ ಪಿಪಿಎಸ್ ಆಯ್ಕೆಯಾಗಿದೆ, ವ್ಯತ್ಯಾಸ ಎರಡು ಮೂರು ಮೈಕ್ರೊಸೆಕೆಂಡ್ ಮೀರುವುದಿಲ್ಲ. ಆದರೆ ಹೋಲಿಕೆಗೆಂದು ಸೇರಿಸಿದ ನಾಲ್ಕು ಇಂಟರ್ನೆಟ್ ಸಮಯ ಸರ್ವರ್‌ಗಳು −98, −101, −99, −103 ಮಿಲಿಸೆಕೆಂಡ್ ತೋರಿಸುತ್ತವೆ. ಹಗಲು, ರಾತ್ರಿ, ಮರುದಿನ, ಯಾವಾಗ ನೋಡಿದರೂ ಅಷ್ಟೇ. ಉಪಗ್ರಹಕ್ಕಿಂತ ಸರ್ವರ್ ಹೆಚ್ಚು ಸರಿ ಇರಲಾರದು ಎಂದುಕೊಂಡು ಪಿಪಿಎಸ್ ಸಾಲಿಗೆ 'ಟ್ರಸ್ಟ್' ಎಂದು ಸೇರಿಸಿದ್ದೇನೆ. ಅದನ್ನು ತೆಗೆದರೆ ಕ್ರೋನಿ ಪಿಪಿಎಸ್ ಅನ್ನೇ ಸುಳ್ಳುಗಾರನೆಂದು ಗುರುತು ಹಾಕಿ ಬದಿಗಿಡುತ್ತದೆ. ಈಗಾಗಲೇ ಮೂರು ವೀಕ್ಷಣೆಗಳನ್ನು ಇದೇ ಗಡಿಯಾರದಲ್ಲಿ ದಾಖಲಿಸಿದ್ದೇನೆ. ಅದೇ ಹೆಚ್ಚು ಚಿಂತೆ.

ಕುಂದಾನಗರಿ, ಬೆಳಗಾವಿ

ಅಣ್ಣ, ಇದು ಇಂಟರ್ನೆಟ್‌ನ ತಪ್ಪೇ ಇರಬೇಕು. ಹೋಗುವ ದಾರಿಗೂ ಬರುವ ದಾರಿಗೂ ತಗಲುವ ಸಮಯ ಬೇರೆಯಾದರೆ ಸರ್ವರ್ ತೋರಿಸುವ ವ್ಯತ್ಯಾಸ ಓರೆಯಾಗುತ್ತದೆ. ನಮ್ಮ ಹಾಸ್ಟೆಲ್‌ನಲ್ಲಿ ನನಗೂ ಹೀಗೇ ಆಗಿತ್ತು. ಪಿಪಿಎಸ್ ಅನ್ನೇ ನಂಬಿ.

ಕೃಷ್ಣಾತೀರ, ಜಮಖಂಡಿ

ನಾನು ಹ್ಯಾಮ್ ರೇಡಿಯೊದವನು. ಎಫ್‌ಟಿ8 ಎಂಬ ಡಿಜಿಟಲ್ ರೇಡಿಯೊ ಸಂಪರ್ಕಕ್ಕೆ ಜಿಪಿಎಸ್ ಸಮಯ ಬಳಸುತ್ತೇನೆ. ಸೀರಿಯಲ್ ತಂತಿಯಲ್ಲಿ ಬರುವ, ಸಮಯ ಮತ್ತು ಸ್ಥಾನವನ್ನು ಅಕ್ಷರಗಳಲ್ಲಿ ಹೇಳುವ ಎನ್‌ಎಂಇಎ ಸಾಲುಗಳು ತಡವಾಗಿ ತಲುಪುತ್ತವೆ. 9600 ಬಾಡ್ ವೇಗದಲ್ಲಿ ಸೆಕೆಂಡಿಗೆ ಸುಮಾರು 960 ಅಕ್ಷರಗಳಷ್ಟೇ ಸಾಗುತ್ತವೆ. ನಿಮ್ಮ 100 ಮಿಲಿಸೆಕೆಂಡ್ ಅಲ್ಲಿಂದಲೇ ಬಂದಿರಬಹುದು. ಕ್ರೋನಿಯ ಸಂರಚನೆಯಲ್ಲಿ ಎನ್‌ಎಂಇಎಗೆ ಕೊಟ್ಟ 'ಆಫ್‌ಸೆಟ್', ಅಂದರೆ ತಡದ ತಿದ್ದುಪಡಿಯನ್ನು, ಬದಲಿಸಿ ನೋಡಿ.

ಮಲಪ್ರಭಾ, ಬಾಗಲಕೋಟೆ

ಗುಮ್ಮಟದೂರು ಅವರೇ, 'ಟ್ರಸ್ಟ್' ಎಂಬ ಮಾತನ್ನು ಇವತ್ತೇ ತೆಗೆಯಿರಿ. ಕ್ರೋನಿ ನಿಮಗೆ ಸತ್ಯವನ್ನೇ ಹೇಳುತ್ತಿತ್ತು. ಆ ಪದದಿಂದ ಅದರ ಬಾಯಿ ಕಟ್ಟಿದ್ದೀರಿ.

ತಪ್ಪಿನ ಗಾತ್ರಕ್ಕಿಂತ ಮೊದಲು ತಪ್ಪಿನ ನಡತೆಯನ್ನು ನೋಡಬೇಕು. ಅಲೆದಾಡುವ ತಪ್ಪಿಗೆ ಕಾರಣ ಹೆಚ್ಚಾಗಿ ಸೀರಿಯಲ್ ಸಾಲು, ಯುಎಸ್‌ಬಿ ಅಥವಾ ಜಾಲ. ನಿಮ್ಮದು ಹಗಲಿರುಳು ಜಾಗ ಬಿಟ್ಟು ಕದಲದ ತಪ್ಪು. ಅಂಥದ್ದು ತಂತಿಯಲ್ಲೋ ಸಂರಚನೆಯಲ್ಲೋ ಕುಳಿತಿರುತ್ತದೆ.

ಕುಂದಾನಗರಿಯ ತರುಣ ಹೇಳಿದ ಮಾತಿನಲ್ಲಿ ನಿಜವಿದೆ, ಆದರೆ ಅದಕ್ಕೊಂದು ಮಿತಿಯಿದೆ. ಸರ್ವರ್‌ನಿಂದ ಸಮಯ ಕೇಳುವ ಎನ್‌ಟಿಪಿ ವಿಧಾನವು ಪ್ರಶ್ನೆ ಹೋಗಿ ಉತ್ತರ ಬರುವ ಒಟ್ಟು ಕಾಲವನ್ನು ಅಳೆದು, ಹೋದದ್ದು ಅರ್ಧ, ಬಂದದ್ದು ಅರ್ಧ ಎಂದು ಎಣಿಸುತ್ತದೆ. ಆ ಎಣಿಕೆ ಎಷ್ಟೇ ತಪ್ಪಿದರೂ ದಾರಿಯ ದೋಷ ಒಟ್ಟು ಕಾಲದ ಅರ್ಧವನ್ನು ಮೀರಲಾರದು. ನಿಮ್ಮ ಸರ್ವರ್‌ಗಳಿಗೆ ಹೋಗಿ ಬರಲು ಎಷ್ಟು ಹಿಡಿಯುತ್ತದೆ? 40 ಮಿಲಿಸೆಕೆಂಡ್ ಆಸುಪಾಸು ಇದ್ದರೆ ಗರಿಷ್ಠ ದೋಷ 20. ಅಲ್ಲಿಂದ 100 ಹುಟ್ಟುವುದು ಸಾಧ್ಯವೇ ಇಲ್ಲ.

ಕೃಷ್ಣಾತೀರದವರ ಮಾತೂ ಅಷ್ಟೇ. ಎನ್‌ಎಂಇಎ ಸಾಲುಗಳು ತಡವಾಗುವುದು ನಿಜ. ಕಾಣುವ ಉಪಗ್ರಹಗಳು ಹೆಚ್ಚಿದಂತೆ ಅವುಗಳ ಪಟ್ಟಿ ಕೊಡುವ ಜಿಎಸ್‌ವಿ ಸಾಲುಗಳೂ ಹೆಚ್ಚುವುದರಿಂದ ಆ ತಡ ಏರಿಳಿಯುವುದೂ ನಿಜ. ಆದರೆ ಪಿಪಿಎಸ್ ಇರುವಾಗ ಎನ್‌ಎಂಇಎಗೆ ಒಂದೇ ಕೆಲಸ: ಈ ಮಿಡಿತ ಯಾವ ಸೆಕೆಂಡಿನದು ಎಂದು ಹೆಸರು ಹೇಳುವುದು. ಹೆಸರು ತಪ್ಪಿದರೆ ಗಡಿಯಾರ ಇಡೀ ಒಂದು ಸೆಕೆಂಡ್ ಹಾರುತ್ತದೆ. ಸೆಕೆಂಡಿನ ಹತ್ತನೇ ಒಂದು ಪಾಲು ಜಾರುವುದಿಲ್ಲ. ಇನ್ನು ಕೇಬಲ್: ಮೀಟರಿಗೆ ಸುಮಾರು 5 ನ್ಯಾನೊಸೆಕೆಂಡ್, 12 ಮೀಟರಿಗೆ 60. ಅದನ್ನು ಮರೆತುಬಿಡಿ.

ಉಳಿದದ್ದು ಮಿಡಿತದ ಅಂಚು. ಯು-ಬ್ಲಾಕ್ಸ್ ಮಾಡ್ಯೂಲ್ ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿ ಸೆಕೆಂಡಿನ ಆರಂಭಕ್ಕೆ ಸರಿಯಾಗಿ ಪಿಪಿಎಸ್ ಅನ್ನು ಮೇಲೆತ್ತಿ, ಸರಿಯಾಗಿ 100 ಮಿಲಿಸೆಕೆಂಡ್ ಹಿಡಿದು, ಕೆಳಗಿಳಿಸುತ್ತದೆ. ಏರುವ ಅಂಚೇ ಸೆಕೆಂಡ್. ನಿಮ್ಮ ಪೈ ಮಿಡಿತದ ಕೊನೆಯನ್ನು ಹಿಡಿದು ಅದನ್ನೇ ಸೆಕೆಂಡಿನ ಆರಂಭವೆಂದು ನಂಬುತ್ತಿದೆ ಎಂಬುದು ನನ್ನ ಊಹೆ. ಹಾಗಾದರೆ ನಿಮ್ಮ ಗಡಿಯಾರ 100 ಮಿಲಿಸೆಕೆಂಡ್ ಹಿಂದೆ ಬೀಳಬೇಕು, ಕ್ರೋನಿಯ ಪಟ್ಟಿಯಲ್ಲಿ ಸರ್ವರ್‌ಗಳ ಎದುರು ಋಣ ಚಿಹ್ನೆ ಬರಬೇಕು. ಎರಡೂ ಹೊಂದುತ್ತವೆ.

ಮಾಡ್ಯೂಲಿನ ಪಿಪಿಎಸ್ ಕಾಲಿಗೂ ಪೈಗೂ ನಡುವೆ ಏನಾದರೂ ಜೋಡಿಸಿದ್ದೀರಾ?

ಗುಮ್ಮಟದೂರು, ವಿಜಯಪುರ

ಮೇಡಂ, ಹೋಗಿ ಬರುವ ಕಾಲ 36ರಿಂದ 44 ಮಿಲಿಸೆಕೆಂಡ್ ಇದೆ.

ನಡುವೆ ಒಂದು ಆಪ್ಟೊಕಪ್ಲರ್ ಇದೆ, ಪಿಸಿ817: ತಂತಿಯ ಸಂಪರ್ಕವಿಲ್ಲದೆ ಬೆಳಕಿನ ಮೂಲಕ ಸಂಕೇತ ದಾಟಿಸುವ ಬಿಡಿಭಾಗ. ಮೊದಲೇ ಹೇಳಬೇಕಿತ್ತು. ಕಳೆದ ಬೇಸಿಗೆಯ ಅಡ್ಡಮಳೆಯಲ್ಲಿ ಸಿಡಿಲು ಬಡಿದು ಮನೆಯ ಮೋಡೆಮ್ ಸುಟ್ಟಿತ್ತು. ಆ ಭಯದಿಂದ ಹಾಕಿದೆ. ಒಳಗಿನ ಎಲ್‌ಇಡಿಗೆ 470 ಓಮ್ ರೆಸಿಸ್ಟರ್ ಮೂಲಕ ಪಿಪಿಎಸ್ ಕೊಟ್ಟಿದ್ದೇನೆ. ಆಚೆ ಬದಿಯ ಟ್ರಾನ್ಸಿಸ್ಟರಿನ ಎಮಿಟರ್ ಗ್ರೌಂಡಿಗೆ, ಕಲೆಕ್ಟರ್ ಪೈಗೆ, ಕಲೆಕ್ಟರಿಗೆ 3.3 ವೋಲ್ಟಿನಿಂದ 10 ಕಿಲೊಓಮ್.

ಮಲಪ್ರಭಾ, ಬಾಗಲಕೋಟೆ

ಅದೇ. ಪಿಪಿಎಸ್ ಏರಿದಾಗ ಎಲ್‌ಇಡಿ ಹೊತ್ತಿ ಟ್ರಾನ್ಸಿಸ್ಟರ್ ಕಲೆಕ್ಟರನ್ನು ಗ್ರೌಂಡಿಗೆ ಎಳೆಯುತ್ತದೆ. ಹಾಗಾಗಿ ಪೈಗೆ ತಲುಪುವುದು ತಲೆಕೆಳಗಾದ ಮಿಡಿತ: ಸೆಕೆಂಡಿನ ಆರಂಭದಲ್ಲಿ ಇಳಿದು, 100 ಮಿಲಿಸೆಕೆಂಡ್ ಕಳೆದ ಮೇಲೆ ಏರುವಂಥದ್ದು. ಪೈ ಸಹಜವಾಗಿ ಏರುವ ಅಂಚನ್ನೇ ಕಾಯುತ್ತದೆ.

ನನ್ನ ಮಾತನ್ನು ನಂಬಬೇಡಿ, ಅಳೆದು ನೋಡಿ. ಪಿಪಿಎಸ್ ಸಾಲಿನಲ್ಲಿ 'ಟ್ರಸ್ಟ್' ಜಾಗಕ್ಕೆ 'ನೋಸೆಲೆಕ್ಟ್' ಎಂದು ಬರೆದು ಕ್ರೋನಿಯನ್ನು ಮತ್ತೆ ಆರಂಭಿಸಿ. ಒಂದು ಗಂಟೆ ಸರ್ವರ್‌ಗಳೇ ಗಡಿಯಾರವನ್ನು ನಡೆಸಲಿ. ನಂತರ ಮಿಡಿತಗಳ ಸಮಯ ತೋರಿಸುವ ಪಿಪಿಎಸ್‌ಟೆಸ್ಟ್ ಓಡಿಸಿ, ಪ್ರತಿ ಮಿಡಿತದ ಸಮಯದಲ್ಲಿ ದಶಮಾಂಶ ಬಿಂದುವಿನ ಮುಂದಿನ ಅಂಕಿಗಳನ್ನು ನೋಡಿ. ಸರಿಯಾದ ಅಂಚಾದರೆ .000 ಹತ್ತಿರ ಇರಬೇಕು, ಕೊನೆಯ ಅಂಚಾದರೆ .100 ಹತ್ತಿರ. ಜಾಲದ ದೋಷದಿಂದ ಕೆಲವು ಮಿಲಿಸೆಕೆಂಡ್ ಅತ್ತಿತ್ತ ಆಗಲಿ, ಚಿಂತೆಯಿಲ್ಲ. ಈ ಎರಡನ್ನು ಬೇರ್ಪಡಿಸಲು ಅದು ಧಾರಾಳ ಸಾಕು.

.100 ಬಂದರೆ ಪೈನ ಬೂಟ್ ಸಂರಚನೆಯಲ್ಲಿ ಪಿಪಿಎಸ್-ಜಿಪಿಐಒ ಸಾಲಿನ ಕೊನೆಗೆ 'ಅಸರ್ಟ್ ಫಾಲಿಂಗ್ ಎಡ್ಜ್' ಆಯ್ಕೆಯನ್ನು ಸೇರಿಸಿ. ಮೂರು ಪದಗಳ ನಡುವೆ ಜಾಗ ಬಿಡದೆ ಅಡಿಗೆರೆ ಹಾಕಬೇಕು. ಕಲೆಕ್ಟರ್ ಜೋಡಣೆಯನ್ನು ಬದಲಿಸಿ ಮಿಡಿತವನ್ನೇ ನೇರ ಮಾಡಬಹುದು, ಆದರೆ ನಾನು ಹಾಗೆ ಮಾಡುವುದಿಲ್ಲ. ಇಂಥ ಆಪ್ಟೊ ಹೊತ್ತುವಾಗ ಚುರುಕು, ಆರುವಾಗ ನಿಧಾನ. 10 ಕಿಲೊಓಮ್ ಇದ್ದಾಗ ಆರಲು ಹತ್ತಾರು ಮೈಕ್ರೊಸೆಕೆಂಡ್ ಬೇಕು. ನಿಮ್ಮ ಜೋಡಣೆಯಲ್ಲಿ ಇಳಿಯುವ ಅಂಚೇ ಚುರುಕಿನದು, ಸೆಕೆಂಡಿನ ಆರಂಭವೂ ಅದೇ.

ಇನ್ನೊಂದು ಮಾತು, ಇದು ನಿಮ್ಮ ಮನೆಯ ಸುರಕ್ಷತೆಯದು. ಜಿಪಿಎಸ್‌ನ ಸೀರಿಯಲ್ ಮತ್ತು ಗ್ರೌಂಡ್ ತಂತಿಗಳು ಪೈಗೆ ನೇರವಾಗಿ ಹೋಗುತ್ತಿದ್ದರೆ ಪಿಪಿಎಸ್ ಒಂದಕ್ಕೆ ಆಪ್ಟೊ ಹಾಕಿ ಪ್ರಯೋಜನವಿಲ್ಲ. ಸಿಡಿಲಿನ ಹೊಡೆತ ಉಳಿದ ತಂತಿಗಳ ಮೂಲಕ ಬರುತ್ತದೆ. ಕೇಬಲ್ಲಿಗೆ ಕೋಣೆಯ ಬಳಿ ಒಂದು ಕನೆಕ್ಟರ್ ಹಾಕಿ. ಮೋಡ ಕಟ್ಟುವ ಮೊದಲೇ, ಗುಡುಗು ಕೇಳುವವರೆಗೂ ಕಾಯದೆ, ಕಳಚಿಡಿ.

ಕೃಷ್ಣಾತೀರ, ಜಮಖಂಡಿ

ಮಲಪ್ರಭಾ ಅವರು ಬಿಡಿಸಿ ಹೇಳಿದ್ದರಿಂದ ನನ್ನ ತಿಳಿವಳಿಕೆಯೂ ತಿದ್ದಿತು. ಇದೇ ಸಂದರ್ಭದಲ್ಲಿ ನನ್ನದೊಂದು ಪ್ರಶ್ನೆ: ಇಡೀ ದಿನ ಕರೆಂಟ್ ಹೋಗಿ ಬಂದ ಮೇಲೆ ನನ್ನ ಹಳೆಯ ನಿಯೋ-6ಎಂ ಸುಮಾರು ಹತ್ತು ನಿಮಿಷ ಮೂರು ಸೆಕೆಂಡ್ ಮುಂದೆ ಓಡಿ, ಆಮೇಲೆ ತಾನೇ ಸರಿಯಾಗುತ್ತದೆ. ಎಫ್‌ಟಿ8ಗೆ ಒಂದು ಸೆಕೆಂಡ್ ತಪ್ಪಿದರೂ ಕಷ್ಟ.

ಮಲಪ್ರಭಾ, ಬಾಗಲಕೋಟೆ

ಅದು ಅಧಿಕ ಸೆಕೆಂಡಿನ (ಲೀಪ್ ಸೆಕೆಂಡ್) ಲೆಕ್ಕ ಸರ್: ಭೂಮಿಯ ತಿರುಗುವಿಕೆಗೆ ಹೊಂದಿಸಲು ಯುಟಿಸಿ ಎಂಬ ವಿಶ್ವ ಸಮಯಕ್ಕೆ ಆಗಾಗ ಸೇರಿಸಿದ, ಜಿಪಿಎಸ್ ಕಾಲಕ್ಕೆ ಸೇರಿಸದ ಸೆಕೆಂಡ್. ಜಿಪಿಎಸ್ ಕಾಲ 2017ರ ಜನವರಿ 1ರಿಂದ ಯುಟಿಸಿಗಿಂತ 18 ಸೆಕೆಂಡ್ ಮುಂದಿದೆ. ಉಪಗ್ರಹದಿಂದ ಆ ಸಂಖ್ಯೆ ತಲುಪುವವರೆಗೆ ಹಳೆಯ ಮಾಡ್ಯೂಲ್ ತನ್ನೊಳಗೆ ಬರೆದಿಟ್ಟ ಹಳೆಯ ಸಂಖ್ಯೆಯನ್ನು ಕಳೆಯುತ್ತದೆ. 15 ಕಳೆದರೆ ಮೂರು ಸೆಕೆಂಡ್ ಮುಂದೆ. ಉಪಗ್ರಹದ ಸಂದೇಶ ಪೂರ್ತಿ ಒಂದು ಸುತ್ತು ಬರಲು 12.5 ನಿಮಿಷ ಬೇಕು. ಕರೆಂಟ್ ಹೋದಾಗ ಹೊಸ ಸಂಖ್ಯೆಯನ್ನು ನೆನಪಿನಲ್ಲಿ ಉಳಿಸುವ, ಮಾಡ್ಯೂಲಿನ ಪುಟ್ಟ ಬ್ಯಾಟರಿ ಸತ್ತಿರಬೇಕು, ಬದಲಿಸಿ.

ಗುಮ್ಮಟದೂರು, ವಿಜಯಪುರ

ಅಳೆದೆ ಮೇಡಂ. ಮೊದಲು .097ರಿಂದ .104. ಆಯ್ಕೆ ಸೇರಿಸಿ ಪೈಯನ್ನು ಮತ್ತೆ ಆರಂಭಿಸಿದ ಮೇಲೆ ಪೂರ್ಣ ಸೆಕೆಂಡಿನಿಂದ ಮೂರು ನಾಲ್ಕು ಮಿಲಿಸೆಕೆಂಡಿನ ಒಳಗೆ. ಈಗ 'ಟ್ರಸ್ಟ್' ಇಲ್ಲದೆಯೇ ಕ್ರೋನಿ ಪಿಪಿಎಸ್ ಅನ್ನು ಒಪ್ಪಿಕೊಂಡಿದೆ, ನಾಲ್ಕೂ ಸರ್ವರ್‌ಗಳು ಅದರ ಜೊತೆಗಿವೆ. ಅದನ್ನು ಕಂಡಾಗ ಆದ ಸಂತೋಷವನ್ನು ಹೇಳಲಾರೆ. ನಿಮಗೆ ತುಂಬಾ ಋಣಿ.

ಹಳೆಯ ಮೂರು ವೀಕ್ಷಣೆಗಳನ್ನು ಬಿಸಾಡಬೇಕೇ? ಚಂದ್ರನ ವೇಗ ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. 100 ಮಿಲಿಸೆಕೆಂಡ್ ಎಂದರೆ ಅಂಚು 100 ಮೀಟರ್ ಜಾರಿದಂತೆ. ಸಣ್ಣದಲ್ಲ.

ಮಲಪ್ರಭಾ, ಬಾಗಲಕೋಟೆ

ಬಿಸಾಡಬೇಡಿ. ಆ ಮೂರು ರಾತ್ರಿಗಳಲ್ಲೂ ಇದೇ ಆಪ್ಟೊ, ಇದೇ ಸಂರಚನೆ ಇತ್ತೆಂದು ಕ್ರೋನಿಯ ದಾಖಲೆಯಿಂದ ಖಚಿತಪಡಿಸಿಕೊಳ್ಳಿ. ಮಿಡಿತದ ಅಗಲವನ್ನು ಮಾಡ್ಯೂಲೇ ಅಳೆದು ಕೊಡುವುದರಿಂದ ತಿದ್ದುಪಡಿ ನಂಬಲರ್ಹ. ಗಡಿಯಾರ ಹಿಂದಿತ್ತು, ಆದ್ದರಿಂದ ದಾಖಲಾದ ಸಮಯಕ್ಕೆ 0.100 ಸೆಕೆಂಡ್ ಕೂಡಿಸಿ. ಮೂಲ ಸಮಯ, ತಿದ್ದಿದ ಸಮಯ, ಕಾರಣ, ಮೂರನ್ನೂ ವರದಿಯಲ್ಲಿ ಬರೆಯಿರಿ. ತಿದ್ದಿದ್ದನ್ನು ಮಾತ್ರ ಕೊಡಬೇಡಿ.

ಕುಂದಾನಗರಿ, ಬೆಳಗಾವಿ

ಒಟ್ಟು ಕಾಲದ ಅರ್ಧವನ್ನು ಮೀರಲಾರದು ಎಂಬ ಮಿತಿ ನನಗೆ ಗೊತ್ತಿರಲಿಲ್ಲ ಮೇಡಂ. ಹಾಸ್ಟೆಲ್‌ನ ಪೈಯನ್ನೂ ಇವತ್ತೇ ಬಿಚ್ಚಿ ನೋಡುತ್ತೇನೆ. ನನ್ನ ಪಿಪಿಎಸ್ ದಾರಿಯಲ್ಲೂ ಒಂದು ಟ್ರಾನ್ಸಿಸ್ಟರ್ ಇದೆ.

ಗುಮ್ಮಟದೂರು, ವಿಜಯಪುರ

ಮೂರೂ ರಾತ್ರಿಗಳ ದಾಖಲೆ ಸಿಕ್ಕಿತು, ಸಂರಚನೆ ಒಂದೇ ಇತ್ತು. ಮೂರು ಕಾಲಂಗಳಲ್ಲಿ ಬರೆದಿಟ್ಟೆ. ಕೇಬಲ್ಲಿಗೆ ಕನೆಕ್ಟರ್ ಕೂಡ ಬೆಸೆದಾಯಿತು. ಇವತ್ತು ಶುಕ್ಲ ಸಪ್ತಮಿ, ಆಕಾಶ ತಿಳಿಯಾಗಿದೆ. ಏಳೂವರೆಗೆ ಮಾಳಿಗೆ ಹತ್ತುತ್ತೇನೆ.